ಅಂತರ್ಜಾಲಕ್ಕೆ ಪೂರ್ಣ ಭದ್ರತೆ ಸಾಧ್ಯವೇ?

ಬೆಳೆ ಸಾಲ, ಬೆಳೆ ವಿಮೆಯ ಪರಿಹಾರ, ಸರ್ಕಾರದ ಸಹಾಯಧನ, ಹಾಲಿನ ಬಟವಾಡೆ ಮೊದಲಾದ ಹಣವೆಲ್ಲ ಇಂದು ರೈತರ ಬ್ಯಾಂಕ್ ಖಾತೆಗೆ ಅಂತರ್ಜಾಲದ ಮೂಲಕವೇ ಜಮೆಯಾಗುತ್ತಿದೆ. ಪಹಣಿಯೂ ಗಣಕಯಂತ್ರದಿಂದಲೇ ಬರುತ್ತದೆ. ಗೊಬ್ಬರದ ಅಂಗಡಿಯಲ್ಲಿ ಹಣ ಕೊಡುವುದೂ ಮೊಬೈಲ್ ಫೋನಿನಿಂದಲೇ ಆಗುತ್ತಿದೆ. ಇದರಿಂದ ಕಚೇರಿಗಳಿಗೆ ಅಲೆಯುವ ಶ್ರಮ ಕಡಿಮೆಯಾಗಿರುವುದು ನಿಜ. ಆದರೆ ಒಂದು ಹಂಗಾಮಿನ ದುಡಿಮೆಯ ಹಣ ಕೆಲವೇ ನಿಮಿಷಗಳಲ್ಲಿ ಕಳ್ಳರ ಪಾಲಾದ ಪ್ರಸಂಗಗಳೂ ಹಳ್ಳಿಗಳಲ್ಲಿ ಕೇಳಿಬರುತ್ತಿವೆ.

ಇಷ್ಟು ವಿಜ್ಞಾನ ಬೆಳೆದಿರುವಾಗ ಅಂತರ್ಜಾಲವನ್ನು ಒಮ್ಮೆಗೇ ಭದ್ರಪಡಿಸಲು ಏಕೆ ಆಗುವುದಿಲ್ಲ ಎಂದು ರೈತ ಬಾಂಧವರು ಕೇಳುವುದು ಸಹಜ. ಇದಕ್ಕೆ ನೇರವಾದ ಉತ್ತರವೆಂದರೆ, ಪೂರ್ಣ ಭದ್ರತೆ ಸಾಧ್ಯವಿಲ್ಲ. ಆದರೆ ನಷ್ಟವನ್ನು ತಾಳಿಕೊಳ್ಳುವ ಮಟ್ಟದಲ್ಲಿ ಇಡಲು ಖಂಡಿತ ಸಾಧ್ಯವಿದೆ. ಹೊಲದಲ್ಲಿ ಕೀಟವನ್ನು ನಿರ್ಮೂಲ ಮಾಡಲಾಗದಿದ್ದರೂ ಅದರ ಹಾನಿಯನ್ನು ಹತೋಟಿಯಲ್ಲಿಡುವಂತೆಯೇ ಇದೂ ಸಹ. ಜಾಲದ ದೌರ್ಬಲ್ಯ ಎಲ್ಲೆಲ್ಲಿದೆ ಎಂದು ತಿಳಿದರೆ ಯಾವ ಕ್ರಮ ಏಕೆ ಅಗತ್ಯವೆಂಬುದೂ ತಿಳಿಯುತ್ತದೆ.

ಜಾಲ ಹುಟ್ಟಿದ ಬಗೆ

ಅಂತರ್ಜಾಲದ ಮೂಲ ಅಮೆರಿಕದ ರಕ್ಷಣಾ ಇಲಾಖೆಯ ನೆರವಿನಿಂದ ಕಟ್ಟಿದ ಅರ್ಪಾನೆಟ್ ಎಂಬ ಜಾಲ. 1969ರ ಅಕ್ಟೋಬರ್ 29ರಂದು ಕ್ಯಾಲಿಫೋರ್ನಿಯಾದ ಎರಡು ಸಂಸ್ಥೆಗಳ ಗಣಕಯಂತ್ರಗಳ ನಡುವೆ ಇದರ ಮೊದಲ ಸಂದೇಶ ಹೋಯಿತು. 'ಲಾಗಿನ್' ಎಂಬ ಪದದ ಮೊದಲೆರಡು ಅಕ್ಷರ ತಲುಪುವಷ್ಟರಲ್ಲಿ ಆಚೆ ಕಡೆಯ ಯಂತ್ರ ಕೆಟ್ಟು ನಿಂತಿತು. 1983ರ ಜನವರಿ 1ರಂದು ಈ ಜಾಲದ ಯಂತ್ರಗಳೆಲ್ಲ ಒಂದೇ ಬಗೆಯ ಹೊಸ ನಿಯಮಾವಳಿಗೆ ಬದಲಾದವು. ಇಂದಿನ ಅಂತರ್ಜಾಲವೂ ಅದೇ ನಿಯಮಾವಳಿಯ ತಳಹದಿಯ ಮೇಲೆ ನಡೆಯುತ್ತಿದೆ.

ಆಗ ಈ ಜಾಲವನ್ನು ಬಳಸುತ್ತಿದ್ದವರು ಬಹುಪಾಲು ಪರಸ್ಪರ ಪರಿಚಯವಿದ್ದ ವಿಜ್ಞಾನಿಗಳು. ಸಂದೇಶ ತಲುಪುವುದೇ ಅವರ ಮುಖ್ಯ ಚಿಂತೆಯಾಗಿತ್ತು. ಕಳುಹಿಸಿದವರು ನಿಜವಾಗಿ ಯಾರು ಎಂದು ಪರೀಕ್ಷಿಸುವ ಏರ್ಪಾಡು ಅಡಿಪಾಯದಲ್ಲಿ ಸೇರಲಿಲ್ಲ. ಅಂಚೆ ಕಾರ್ಡಿನ ಮೇಲೆ 'ಇಂದ' ಎಂಬಲ್ಲಿ ಯಾರ ಹೆಸರನ್ನಾದರೂ ಬರೆಯಬಹುದಲ್ಲವೇ? ಹಾಗೆಯೇ ಆಗಿನ ವಿದ್ಯುನ್ಮಾನ ಅಂಚೆಯಲ್ಲಿಯೂ ಬೇರೆಯವರ ಹೆಸರು ಹಾಕಲು ಅಡ್ಡಿಯಿರಲಿಲ್ಲ. ಪರೀಕ್ಷೆಯ ಏರ್ಪಾಡುಗಳನ್ನು ನಂತರ ಮೇಲಿನಿಂದ ಜೋಡಿಸಲಾಯಿತು. ಗುರುತಿನ ಜನ ನಾಲ್ಕು ಮನೆ ಕಟ್ಟಿಕೊಂಡಿದ್ದ ಬೇಲಿಯಿಲ್ಲದ ಊರು ಮುಂದೆ ಮಹಾನಗರವಾದಂತೆ ಇದರ ಸ್ಥಿತಿ.

ಈ ನಂಬಿಕೆಯ ಪದ್ಧತಿಯಿಂದ ಆಗುವ ತೊಂದರೆಗೆ ಒಂದು ಉದಾಹರಣೆ. 2008ರ ಫೆಬ್ರವರಿ 24ರಂದು ಪಾಕಿಸ್ತಾನದ ದೂರಸಂಪರ್ಕ ಸಂಸ್ಥೆಯೊಂದು ತನ್ನ ದೇಶದೊಳಗೆ ಯೂಟ್ಯೂಬ್ ಕಾಣದಂತೆ ಮಾಡಲು ಹೊರಟಿತು. ಆಗ 'ಆ ವಿಳಾಸಕ್ಕೆ ದಾರಿ ನಮ್ಮಲ್ಲಿದೆ' ಎಂಬ ತಪ್ಪು ಸೂಚನೆ ಹೊರ ಜಗತ್ತಿಗೂ ಹರಡಿತು. ಉಳಿದ ಜಾಲಗಳು ಅದನ್ನು ನಂಬಿದವು. ಇದರಿಂದ ಸುಮಾರು ಎರಡು ಗಂಟೆಗಳ ಕಾಲ ಪ್ರಪಂಚದ ಹಲವೆಡೆ ಯೂಟ್ಯೂಬ್ ದೊರೆಯಲಿಲ್ಲ. ಮೇಲಿನ ತೂಬಿನವನು ತಪ್ಪಾಗಿ ಗೇಟು ತಿರುಗಿಸಿದರೆ ಕೆಳಗಿನ ನಾಲೆಯ ನೀರೆಲ್ಲ ಬೇರೆ ಕಡೆಗೆ ಹರಿಯುವ ಹಾಗೆ ಇದಾಯಿತು. ದಾರಿಯ ಸೂಚನೆ ಯಾರಿಂದ ಬಂತೆಂದು ಪರೀಕ್ಷಿಸುವ ವಿಧಾನಗಳು ಈಗ ಬಳಕೆಗೆ ಬರುತ್ತಿವೆ. ಆದರೆ ಸಾವಿರಾರು ಜಾಲಗಳು ಸೇರಿ ಆದ ಅಂತರ್ಜಾಲದಲ್ಲಿ ಎಲ್ಲರೂ ಒಟ್ಟಿಗೆ ಬದಲಾಗುವುದು ಸುಲಭವಲ್ಲ.

ಮೊದಲ ಪಿಡುಗು: 1988ರ ಹುಳು

1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಎಂಬಾತ ತಾನೇ ತಾನಾಗಿ ಹರಡುವ ಒಂದು ಸಣ್ಣ ಕ್ರಮವಿಧಿಯನ್ನು ಜಾಲದಲ್ಲಿ ಬಿಟ್ಟನು. ಇದಕ್ಕೆ 'ಹುಳು' ಎಂದು ಹೆಸರಾಯಿತು. ಆಗ ಜಾಲದಲ್ಲಿದ್ದ ಯಂತ್ರಗಳು ಸುಮಾರು 60,000. ಅವುಗಳಲ್ಲಿ ಸುಮಾರು 6,000 ಯಂತ್ರಗಳಿಗೆ ಹುಳು ತಗುಲಿತೆಂದು ಅಂದಾಜು ಮಾಡಲಾಗಿದೆ. ಹುಳು ಕಡತಗಳನ್ನು ಅಳಿಸಲಿಲ್ಲ. ಆದರೆ ಒಂದೇ ಯಂತ್ರದಲ್ಲಿ ಮತ್ತೆ ಮತ್ತೆ ಹುಟ್ಟಿ, ಯಂತ್ರಗಳು ಬೇರಾವ ಕೆಲಸವನ್ನೂ ಮಾಡಲಾಗದಂತೆ ಮಾಡಿತು.

ಈ ಹುಳು ಒಳನುಗ್ಗಿದ ದಾರಿಗಳನ್ನು ಗಮನಿಸುವುದು ಅಗತ್ಯ. ಅಂಚೆ ಸಾಗಿಸುವ ತಂತ್ರಾಂಶದಲ್ಲಿ ಪರೀಕ್ಷೆಗಾಗಿ ಇಟ್ಟು ಮುಚ್ಚದೆ ಬಿಟ್ಟಿದ್ದ ಬಾಗಿಲು ಒಂದು ದಾರಿ. ಇನ್ನೊಂದು ತಂತ್ರಾಂಶದಲ್ಲಿ ಬಂದ ಮಾಹಿತಿಯ ಅಳತೆಯನ್ನು ನೋಡದೆ ತುಂಬಿಕೊಳ್ಳುವ ದೋಷವಿದ್ದುದು ಎರಡನೆಯದು. ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡ್‌ಗಳು ಮೂರನೆಯದು. ಯಂತ್ರಗಳು ಒಂದನ್ನೊಂದು ಪ್ರಶ್ನಿಸದೆ ನಂಬುತ್ತಿದ್ದುದು ನಾಲ್ಕನೆಯದು. ಅಂದಿನಿಂದ ಇಂದಿನವರೆಗೆ ನಡೆದಿರುವ ದಾಳಿಗಳಲ್ಲಿ ಹೆಚ್ಚಿನವು ಇವೇ ದಾರಿಗಳ ಬೇರೆ ಬೇರೆ ರೂಪಗಳಾಗಿವೆ.

ಏಕ ತಳಿಯ ಅಪಾಯ

ಮಾರಿಸ್‌ನ ಹುಳು ಎಲ್ಲ ಯಂತ್ರಗಳಿಗೂ ತಗುಲಲಿಲ್ಲ. ಒಂದೆರಡು ಜಾತಿಯ, ಒಂದೇ ಬಗೆಯ ಮೂಲ ತಂತ್ರಾಂಶವಿದ್ದ ಯಂತ್ರಗಳಿಗೆ ಮಾತ್ರ ತಗುಲಿತು. ಇದರ ಅರ್ಥವನ್ನು ಬೇಸಾಯಗಾರರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. 1970ರಲ್ಲಿ ಅಮೆರಿಕದ ಮೆಕ್ಕೆಜೋಳಕ್ಕೆ ಎಲೆ ಅಂಗಮಾರಿ ರೋಗ ಬಂದು ಆ ವರ್ಷದ ಬೆಳೆಯ ಸುಮಾರು ಶೇಕಡಾ 15ರಷ್ಟು ನಾಶವಾಯಿತು. ಆಗ ಅಲ್ಲಿ ಬಿತ್ತಿದ್ದ ಮಿಶ್ರತಳಿಗಳಲ್ಲಿ ಸುಮಾರು ಶೇಕಡಾ 85ರಷ್ಟಕ್ಕೆ ಟೆಕ್ಸಾಸ್ ಮೂಲದ ಒಂದೇ ಬಗೆಯ ನಪುಂಸಕ ಕೋಶರಸವಿತ್ತು. ಅದಕ್ಕೆ ಒಗ್ಗಿದ ಶಿಲೀಂಧ್ರದ ಹೊಸ ಪ್ರಭೇದ ಹುಟ್ಟಿದ ಕೂಡಲೇ ರೋಗ ಹೊಲದಿಂದ ಹೊಲಕ್ಕೆ ತಡೆಯಿಲ್ಲದೆ ಹರಡಿತು.

ಇಂದು ಪ್ರಪಂಚದ ಬಹುಪಾಲು ಮೊಬೈಲ್ ಫೋನುಗಳಲ್ಲಿ ಇರುವುದು ಎರಡೇ ಮೂಲ ತಂತ್ರಾಂಶಗಳು. ಬ್ಯಾಂಕುಗಳು, ಕಚೇರಿಗಳು ಬಳಸುವ ಒಳ ತಂತ್ರಾಂಶಗಳೂ ಕೆಲವೇ ಬಗೆಯವು. ಆದ್ದರಿಂದ ಒಂದು ದೋಷ ಸಿಕ್ಕರೆ ಕೋಟ್ಯಂತರ ಯಂತ್ರಗಳ ಬಾಗಿಲು ಒಟ್ಟಿಗೆ ತೆರೆದಂತಾಗುತ್ತದೆ. 2017ರ ಮೇ 12ರಂದು ಹರಡಿದ 'ವಾನ್ನಕ್ರೈ' ಎಂಬ ಪಿಡುಗು ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ತಗುಲಿತು. ಕಡತಗಳಿಗೆ ಬೀಗ ಹಾಕಿ, ತೆರೆಯಲು ಹಣ ಕೇಳುವುದು ಇದರ ಲಕ್ಷಣ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳೇ ನಿಂತುಹೋದವು. ವಿಶೇಷವೆಂದರೆ ಈ ದೋಷಕ್ಕೆ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಸಂಸ್ಥೆ ಅದೇ ವರ್ಷದ ಮಾರ್ಚ್‌ನಲ್ಲಿಯೇ ಬಿಡುಗಡೆ ಮಾಡಿತ್ತು. ಬಹಳ ಮಂದಿ ಅದನ್ನು ಹಾಕಿಕೊಂಡಿರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು.

ಬೀಗ ಗಟ್ಟಿ, ಚೌಕಟ್ಟು ಸಡಿಲ

ಜಾಲದಲ್ಲಿ ಯಾವುದೂ ಗಟ್ಟಿಯಿಲ್ಲವೆಂದು ತಿಳಿಯಬಾರದು. ಗೂಢಲಿಪಿ ಶಾಸ್ತ್ರ ಬಹಳ ಮುಂದುವರಿದಿದೆ. 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಎಂಬುವರು, ಹಿಂದೆಂದೂ ಭೇಟಿಯಾಗದ ಇಬ್ಬರು ಬಯಲಿನಲ್ಲಿಯೇ ಮಾತನಾಡಿ ಗುಟ್ಟಿನ ಕೀಲಿಯೊಂದನ್ನು ಮಾಡಿಕೊಳ್ಳುವ ವಿಧಾನವನ್ನು ಪ್ರಕಟಿಸಿದರು. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಇನ್ನೊಂದು ವಿಧಾನವನ್ನು ರೂಪಿಸಿದರು. ತೆರೆದ ಬೀಗವನ್ನು ಎಲ್ಲರಿಗೂ ಹಂಚಿದರೆ ಯಾರು ಬೇಕಾದರೂ ಅದನ್ನು ಒತ್ತಿ ಹಾಕಬಹುದು, ತೆರೆಯುವ ಕೀಲಿಕೈ ಮಾತ್ರ ಒಬ್ಬನಲ್ಲಿಯೇ ಇರುತ್ತದೆ. ಇದೇ ಅದರ ತತ್ವ. ಬ್ಯಾಂಕಿನ ವ್ಯವಹಾರ ದಾರಿಯಲ್ಲಿ ಕಳುವಾಗದಂತೆ ಕಾಯುತ್ತಿರುವುದು ಇಂತಹ ವಿಧಾನಗಳೇ. ಕ್ವಾಂಟಂ ಗಣಕಯಂತ್ರಗಳು ಬಂದರೆ ಈ ಬೀಗಗಳು ಮುರಿಯಬಹುದೆಂಬ ಅಂಜಿಕೆಯಿಂದ, ಅವುಗಳಿಗೂ ತಡೆಯುವ ಹೊಸ ವಿಧಾನಗಳನ್ನು ಅಮೆರಿಕದ ಮಾನಕ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದೆ.

ತೊಂದರೆ ಬರುವುದು ಬೀಗದ ಸುತ್ತಲಿನ ಚೌಕಟ್ಟಿನಲ್ಲಿ. 2014ರ ಏಪ್ರಿಲ್‌ನಲ್ಲಿ ಬಯಲಾದ 'ಹಾರ್ಟ್‌ಬ್ಲೀಡ್' ಎಂಬ ದೋಷ ಇಂತಹುದು. ಗೂಢಲಿಪಿಯ ಗಣಿತ ಸರಿಯಾಗಿಯೇ ಇತ್ತು. ಆದರೆ ಅದನ್ನು ಅಳವಡಿಸಿದ ತಂತ್ರಾಂಶದಲ್ಲಿ ಕೇಳಿದಷ್ಟು ಮಾಹಿತಿ ಕೊಡುವ ಮೊದಲು ಅಳತೆ ನೋಡುವ ಒಂದು ಪರೀಕ್ಷೆ ಬಿಟ್ಟುಹೋಗಿತ್ತು. ಎರಡು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಇನ್ನೂ ಕಷ್ಟದ್ದು ಒಳಗಿನವರ ದ್ರೋಹ. 2024ರ ಮಾರ್ಚ್‌ನಲ್ಲಿ 'ಎಕ್ಸ್‌ಜೆಡ್' ಎಂಬ ಉಚಿತ ತಂತ್ರಾಂಶದಲ್ಲಿ ಗುಪ್ತ ಬಾಗಿಲೊಂದು ಪತ್ತೆಯಾಯಿತು. ಅದನ್ನು ಇಟ್ಟವನು ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ರಾಮಾಣಿಕವಾಗಿ ಕೆಲಸ ಮಾಡಿದಂತೆ ತೋರಿಸಿ ಉಸ್ತುವಾರಿಯ ಸ್ಥಾನಕ್ಕೇರಿದ್ದನು. ಬೇಲಿಯೇ ಎದ್ದು ಹೊಲ ಮೇಯ್ದ ಕತೆ ಇದು. ಯಂತ್ರಕ್ಕೆ ಪ್ರವೇಶ ಪಡೆಯಲು ಅರ್ಧ ಸೆಕೆಂಡಿನಷ್ಟು ಹೆಚ್ಚು ಸಮಯ ಹಿಡಿಯುತ್ತಿರುವುದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಒಬ್ಬ ತಜ್ಞರು ಗಮನಿಸಿ, ಬೆನ್ನುಹತ್ತಿ ಹುಡುಕಿದ್ದರಿಂದ ದೊಡ್ಡ ಅನಾಹುತ ತಪ್ಪಿತು.

ಸಂಪೂರ್ಣ ಪರಿಹಾರ ಉಂಟೇ?

ಮೂರು ಬಗೆಯ ಪರಿಹಾರಗಳನ್ನು ಸಾಮಾನ್ಯವಾಗಿ ಸೂಚಿಸಲಾಗುತ್ತದೆ. ಮೊದಲನೆಯದು, ಎಲ್ಲ ಪಿಡುಗುಗಳನ್ನೂ ಗುರುತಿಸಿ ಕೊಲ್ಲುವ ಒಂದೇ ಔಷಧಿ. ಇದು ಆಗದ ಕೆಲಸವೆಂದು 1980ರ ದಶಕದಲ್ಲಿ ಫ್ರೆಡ್ ಕೋಹೆನ್ ಎಂಬ ವಿಜ್ಞಾನಿ ಗಣಿತದಿಂದಲೇ ತೋರಿಸಿದರು. ಎಂತಹ ತಂತ್ರಾಂಶವನ್ನೇ ಕೊಟ್ಟರೂ ಅದು ಪಿಡುಗು ಹೌದೋ ಅಲ್ಲವೋ ಎಂದು ಎಂದಿಗೂ ತಪ್ಪದೆ ಹೇಳುವ ಪರೀಕ್ಷೆ ಇರಲಾರದು.

ಎರಡನೆಯದು, ದೋಷವಿಲ್ಲದ ತಂತ್ರಾಂಶವನ್ನೇ ಬರೆಯುವುದು. ಸಣ್ಣ ಪ್ರಮಾಣದಲ್ಲಿ ಇದು ಸಾಧ್ಯವಾಗಿದೆ. 2009ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಸುಮಾರು ಒಂಬತ್ತು ಸಾವಿರ ಸಾಲುಗಳ ಒಂದು ಮೂಲ ತಂತ್ರಾಂಶ ತನ್ನ ವಿವರಣೆಯಂತೆಯೇ ನಡೆಯುತ್ತದೆಂದು ಗಣಿತದಿಂದ ಸಾಧಿಸಿದರು. ಒಬ್ಬನೇ ಮಾಡಿದ್ದರೆ ಅದಕ್ಕೆ ಸುಮಾರು 20 ವರ್ಷಗಳ ಶ್ರಮ ಹಿಡಿಯುತ್ತಿತ್ತು. ಆದರೆ ನಮ್ಮ ಆಂಡ್ರಾಯ್ಡ್ ಫೋನುಗಳ ಒಳಗಿರುವ ಲಿನಕ್ಸ್ ತಿರುಳಿನ ಗಾತ್ರ ಎರಡು ಕೋಟಿ ಸಾಲುಗಳಿಗೂ ಮೀರಿದೆ. ಕೈತೋಟದಲ್ಲಿ ಒಂದೊಂದೇ ಕಳೆಯನ್ನು ಆಯ್ದಂತೆ ಸಾವಿರ ಎಕರೆಯಲ್ಲಿ ಆಯಲಾಗದು.

ಮೂರನೆಯದು, ಸಂಪರ್ಕವನ್ನೇ ಕಡಿದುಬಿಡುವುದು. ಇದೂ ಪೂರ್ಣ ರಕ್ಷಣೆಯಲ್ಲ. ಇರಾನ್ ದೇಶದ ನತಾಂಜ್ ಅಣು ಘಟಕದ ಯಂತ್ರಗಳು ಅಂತರ್ಜಾಲದಿಂದ ಬೇರೆಯಾಗಿಯೇ ಇದ್ದವು. ಆದರೂ 2010ರಲ್ಲಿ ಬೆಳಕಿಗೆ ಬಂದ 'ಸ್ಟಕ್ಸ್‌ನೆಟ್' ಪಿಡುಗು, ಯಂತ್ರದಿಂದ ಯಂತ್ರಕ್ಕೆ ಒಯ್ಯುವ ಪೆನ್ ಡ್ರೈವ್‌ಗಳ ಮೂಲಕವೂ ಹರಡಬಲ್ಲದಾಗಿದ್ದು, ಅಲ್ಲಿಯ ಯಂತ್ರಗಳನ್ನು ಕೆಡಿಸಿತು.

ಇವೆಲ್ಲಕ್ಕಿಂತ ಮಿಗಿಲಾಗಿ, ಜಾಲದ ಕೊನೆಯಲ್ಲಿ ಇರುವುದು ಮನುಷ್ಯ. ಭಯ, ಆಸೆ, ಅವಸರ ಇವುಗಳಿಗೆ ತಿದ್ದುಪಡಿ ತಂತ್ರಾಂಶವಿಲ್ಲ. ಯಂತ್ರದ ಬೀಗವನ್ನು ಒಡೆಯುವುದಕ್ಕಿಂತ ಫೋನು ಮಾಡಿ ಕೀಲಿಯನ್ನು ಕೇಳಿ ಪಡೆಯುವುದು ಕಳ್ಳನಿಗೆ ಸುಲಭ. ರೈತರು ಹಣ ಕಳೆದುಕೊಳ್ಳುವುದು ಹೆಚ್ಚಾಗಿ ಈ ದಾರಿಯಲ್ಲಿಯೇ.

ಹಾಗಾದರೆ ಮಾಡಬೇಕಾದುದೇನು?

ಒಂದೇ ಔಷಧಿಯನ್ನು ನಂಬದೆ ನಿರೋಧಕ ತಳಿ, ಬೆಳೆ ಬದಲಾವಣೆ, ಬಿತ್ತನೆಯ ಕಾಲ, ಪ್ರತಿನಿತ್ಯದ ಮೇಲ್ವಿಚಾರಣೆ ಇವೆಲ್ಲವನ್ನೂ ಕೂಡಿಸಿ ಕೀಟಗಳ ಸಮಗ್ರ ನಿರ್ವಹಣೆ ಮಾಡುತ್ತೇವೆ. ಇಲ್ಲಿಯೂ ಅದೇ ಮಾರ್ಗ. ಒಂದು ಕ್ರಮ ವಿಫಲವಾದರೆ ಇನ್ನೊಂದು ತಡೆಯಬೇಕು, ಎಲ್ಲವೂ ವಿಫಲವಾದರೂ ನಷ್ಟ ಅಲ್ಪವಾಗಿರಬೇಕು. ಈ ದೃಷ್ಟಿಯಿಂದ ರೈತರು ಕೆಳಗಿನ ಕ್ರಮಗಳನ್ನು ಅನುಸರಿಸುವುದು ಸೂಕ್ತ.

1. ಎಲ್ಲ ಹಣವನ್ನೂ ಫೋನಿಗೆ ಜೋಡಿಸಿದ ಖಾತೆಯಲ್ಲಿ ಇಡಬಾರದು. ನಿತ್ಯದ ಖರ್ಚಿಗೆ ಒಂದು ಸಣ್ಣ ಖಾತೆಯನ್ನು ಯುಪಿಐಗೆ ಜೋಡಿಸಿ, ಬೆಳೆಯ ಹಣವನ್ನು ಫೋನಿಗೆ ಜೋಡಿಸದ ಬೇರೆ ಖಾತೆಯಲ್ಲಿ ಇಟ್ಟುಕೊಳ್ಳಬೇಕು. ಬಿತ್ತನೆ ಬೀಜವನ್ನೆಲ್ಲ ಒಂದೇ ಕಣಜದಲ್ಲಿ ಇಡದಿರುವ ಪದ್ಧತಿಯೇ ಇದು. ಉಳಿದ ಕ್ರಮಗಳೆಲ್ಲ ತಪ್ಪಿದರೂ ಇದೊಂದು ರೈತನನ್ನು ಉಳಿಸುತ್ತದೆ.

2. ಹಣ ಪಡೆಯಲು ಪಿನ್ ಒತ್ತುವ ಅಗತ್ಯ ಎಂದಿಗೂ ಇರುವುದಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ಪಿನ್ ಮತ್ತು ಓಟಿಪಿಯನ್ನು ಬ್ಯಾಂಕಿನವರೆಂದು ಹೇಳಿಕೊಂಡವರಿಗೂ ತಿಳಿಸಬಾರದು.

3. ಸರ್ಕಾರದ ಯೋಜನೆಯ ಹೆಸರು ಹೇಳಿ ವಾಟ್ಸ್‌ಆ್ಯಪ್‌ನಲ್ಲಿ ಬರುವ 'ಎಪಿಕೆ' ಕಡತಗಳನ್ನು ತೆರೆಯಬಾರದು. ಕಿಸಾನ್ ಸಮ್ಮಾನ್ ಹಣದ ಹೆಸರಿನಲ್ಲಿ ಇಂತಹ ನಕಲಿ ಆ್ಯಪ್‌ಗಳು ಹರಡಿವೆ. ಇವು ಫೋನಿಗೆ ಬರುವ ಓಟಿಪಿಯನ್ನು ಕದ್ದು ಓದಬಲ್ಲವು. ಫೋನಿನ ಪರದೆಯನ್ನು ದೂರದಿಂದ ನೋಡಲು ಬಿಡುವ ಆ್ಯಪ್‌ಗಳನ್ನು ಅಪರಿಚಿತರ ಮಾತಿನ ಮೇಲೆ ಹಾಕಿಕೊಳ್ಳಬಾರದು.

4. ಫೋನಿಗೆ ಬರುವ ತಿದ್ದುಪಡಿಗಳನ್ನು, ಅಂದರೆ ಅಪ್‌ಡೇಟ್‌ಗಳನ್ನು, ಮುಂದೂಡದೆ ಹಾಕಿಕೊಳ್ಳಬೇಕು. ವಾನ್ನಕ್ರೈ ಪಿಡುಗಿನಿಂದ ಕಲಿತ ಪಾಠವಿದು. ತಿದ್ದುಪಡಿ ಬರುವುದು ನಿಂತುಹೋದ ಹಳೆಯ ಫೋನಿನಲ್ಲಿ ಬ್ಯಾಂಕ್ ವ್ಯವಹಾರ ಮಾಡದಿರುವುದು ಒಳ್ಳೆಯದು.

5. ಒಂದೇ ಪಾಸ್‌ವರ್ಡ್ ಎಲ್ಲೆಡೆ ಬಳಸಬಾರದು. ಹುಟ್ಟಿದ ವರ್ಷ, ಫೋನಿನ ಅಂಕಿ, ಮಕ್ಕಳ ಹೆಸರು ಬೇಡ. ನೆನಪಿಡುವುದು ಕಷ್ಟವಾದರೆ ಪಾಸ್‌ವರ್ಡ್‌ಗಳನ್ನು ಪುಸ್ತಕದಲ್ಲಿ ಬರೆದು ಮನೆಯ ಪೆಟ್ಟಿಗೆಯಲ್ಲಿ ಇಡಬಹುದು. ಆದರೆ ಬ್ಯಾಂಕಿನ ಪಿನ್‌ಅನ್ನು ಎಲ್ಲಿಯೂ ಬರೆದಿಡಬಾರದು.

6. ಆಧಾರ್‌ನ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವನ್ನು ಬಳಸಿಕೊಳ್ಳಬೇಕು. ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು, ಹೆಬ್ಬೆರಳನ್ನು ಬದಲಾಯಿಸಲಾಗದು. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿಯ ಮೂಲಕ ಹಣ ತೆಗೆದ ದೂರುಗಳು 2023ರಲ್ಲಿ ಕರ್ನಾಟಕದಲ್ಲಿಯೂ ದಾಖಲಾದವು. ಪಡಿತರ ಪಡೆಯುವಾಗ ಬೀಗವನ್ನು ತಾತ್ಕಾಲಿಕವಾಗಿ ತೆರೆಯಬೇಕಾಗುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು.

7. ಜಾಲತಾಣದ ವಿಳಾಸ 'ಎಚ್‌ಟಿಟಿಪಿಎಸ್' ಎಂದು ಆರಂಭವಾದ ಮಾತ್ರಕ್ಕೆ ಅದು ಪ್ರಾಮಾಣಿಕರದೆಂದು ನಂಬಬಾರದು. ದಾರಿಯಲ್ಲಿ ಕಳುವಾಗದು ಎಂಬುದಷ್ಟೇ ಅದರ ಅರ್ಥ. ಆಚೆ ಕುಳಿತವನೇ ಕಳ್ಳನಾಗಿರಬಹುದು. ಬ್ಯಾಂಕಿನ ಫೋನ್ ಸಂಖ್ಯೆಯನ್ನು ಜಾಲದಲ್ಲಿ ಹುಡುಕದೆ ಪಾಸ್‌ಬುಕ್ಕಿನಿಂದಲೋ ಎಟಿಎಂ ಕಾರ್ಡಿನ ಹಿಂಬದಿಯಿಂದಲೋ ನೋಡಿಕೊಳ್ಳಬೇಕು.

8. ಪೊಲೀಸರೆಂದು ಹೇಳಿ ವಿಡಿಯೋ ಕರೆಯಲ್ಲಿ ಹೆದರಿಸಿ, ಬಂಧನ ತಪ್ಪಿಸಲು ಹಣ ಕೇಳಿದರೆ ಕೂಡಲೇ ಕರೆಯನ್ನು ಕಡಿಯಬೇಕು. ಫೋನಿನ ಮೂಲಕ ಬಂಧಿಸುವ 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲ.

9. ಪಹಣಿ, ಸಾಲದ ಪತ್ರ, ವಿಮೆಯ ರಸೀದಿ ಇವುಗಳ ಕಾಗದದ ಪ್ರತಿಗಳನ್ನು ತಪ್ಪದೆ ಇಟ್ಟುಕೊಳ್ಳಬೇಕು. ಪಾಸ್‌ಬುಕ್ಕನ್ನು ತಿಂಗಳಿಗೊಮ್ಮೆಯಾದರೂ ತುಂಬಿಸಬೇಕು.

ಸಂಘಗಳ ಹೊಣೆ

ಒಬ್ಬೊಬ್ಬ ರೈತನ ಎಚ್ಚರ ಮಾತ್ರ ಸಾಲದು. 2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಯೋವಾ ರಾಜ್ಯದ 'ನ್ಯೂ ಕೋಆಪರೇಟಿವ್' ಎಂಬ ರೈತರ ಧಾನ್ಯ ಸಹಕಾರ ಸಂಘದ ಗಣಕಯಂತ್ರಗಳಿಗೆ ಕಳ್ಳರು ಬೀಗ ಹಾಕಿ 59 ಲಕ್ಷ ಡಾಲರ್ ಕೇಳಿದರು. ಅದು ಕೊಯ್ಲಿನ ಕಾಲ. ಸಂಘವು ತನ್ನ ಯಂತ್ರಗಳ ಸಂಪರ್ಕ ಕಡಿದು, ಧಾನ್ಯ ಪಡೆಯಲು ಮತ್ತು ಪಶು ಆಹಾರ ಹಂಚಲು ಬೇರೆ ಏರ್ಪಾಡು ಮಾಡಿಕೊಳ್ಳಬೇಕಾಯಿತು.

ನಮ್ಮಲ್ಲಿಯೂ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಮಂಜೂರಾತಿ ನೀಡಿತು. ಆದ್ದರಿಂದ ಸಂಘದ ವಾರ್ಷಿಕ ಸಭೆಯಲ್ಲಿ ಸದಸ್ಯರು ಮೂರು ಪ್ರಶ್ನೆಗಳನ್ನು ಕೇಳುವುದು ಅಗತ್ಯ. ಲೆಕ್ಕಪತ್ರಗಳ ಪ್ರತಿಯನ್ನು ಜಾಲದಿಂದ ಬೇರೆಯಾಗಿ ಎಲ್ಲಿಯಾದರೂ ಇಡಲಾಗಿದೆಯೇ? ಆ ಪ್ರತಿಯಿಂದ ಲೆಕ್ಕವನ್ನು ಮರಳಿ ಪಡೆಯಬಹುದೆಂದು ಒಮ್ಮೆಯಾದರೂ ಪರೀಕ್ಷಿಸಲಾಗಿದೆಯೇ? ಯಂತ್ರ ನಿಂತ ದಿನ ಕೈಬರಹದ ರಸೀದಿಯಲ್ಲಿ ಕೆಲಸ ನಡೆಸುವ ಏರ್ಪಾಡು ಇದೆಯೇ?

ವಂಚನೆಯಾದ ಕೂಡಲೇ

ಹಣ ಹೋಯಿತೆಂದು ತಿಳಿದ ಕ್ಷಣವೇ 1930 ಸಂಖ್ಯೆಗೆ ಕರೆ ಮಾಡಬೇಕು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ಸಾಗುತ್ತದೆ. ಅದು ನಗದಾಗುವ ಮೊದಲು ದೂರು ತಲುಪಿದರೆ ನಡುವಿನ ಬ್ಯಾಂಕುಗಳು ತಡೆಹಿಡಿಯಲು ಅವಕಾಶವಿರುತ್ತದೆ. ನಂತರ ತಮ್ಮ ಬ್ಯಾಂಕಿಗೆ ತಿಳಿಸಿ ಖಾತೆಯ ವ್ಯವಹಾರವನ್ನು ನಿಲ್ಲಿಸಬೇಕು. ಲಿಖಿತ ದೂರು ಕೊಟ್ಟು ಅದರ ಸ್ವೀಕೃತಿ ಪಡೆಯಬೇಕು. ಬಂದ ಸಂದೇಶಗಳನ್ನು ಅಳಿಸಬಾರದು.

ಗ್ರಾಹಕನದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹಣ ಹೋದಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೆ ನಷ್ಟ ಹೊರಿಸಬಾರದೆಂದು ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿತು. ಗ್ರಾಹಕನೇ ಪಿನ್ ಕೊಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ನಂತರದ್ದು ಬ್ಯಾಂಕಿನದು ಎಂದೂ ಅದರಲ್ಲಿ ಹೇಳಲಾಗಿತ್ತು. ಇದರಿಂದ ಬೇಗ ತಿಳಿಸುವುದರ ಬೆಲೆ ಎಷ್ಟೆಂದು ಸ್ಪಷ್ಟವಾಗುತ್ತದೆ. ಮೋಸ ಹೋದೆನೆಂಬ ನಾಚಿಕೆಯಿಂದ ಮನೆಯವರಿಗೂ ಹೇಳದೆ ಎರಡು ದಿನ ಕಳೆಯುವವರು ಬಹಳ ಮಂದಿ. ಓದಿದವರೂ ಅಧಿಕಾರಿಗಳೂ ಮೋಸ ಹೋಗಿದ್ದಾರೆ. ಇದರಲ್ಲಿ ನಾಚಿಕೆಪಡುವಂತಹುದು ಏನೂ ಇಲ್ಲ.

ಸಾರಾಂಶ

ಅಂತರ್ಜಾಲದ ಅಡಿಪಾಯ ನಂಬಿಕೆಯ ಮೇಲೆ ನಿಂತಿದೆ. ಅದರ ತಂತ್ರಾಂಶ ತಪ್ಪಿಲ್ಲದೆ ಬರೆಯಲಾಗದಷ್ಟು ದೊಡ್ಡದು. ಅದನ್ನು ಬಳಸುವವನು ಮನುಷ್ಯ. ಈ ಮೂರು ಕಾರಣಗಳಿಂದ ಪೂರ್ಣ ಭದ್ರತೆಯನ್ನು ಯಾರೂ ಕೊಡಲಾರರು. ಕೊಡುತ್ತೇವೆಂದು ಹೇಳಿ ಏನನ್ನಾದರೂ ಮಾರಲು ಬಂದವರನ್ನು ನಂಬಬಾರದು. ಆದರೆ ರೋಗ ಬರುತ್ತದೆಂದು ಯಾರೂ ಬಿತ್ತನೆ ನಿಲ್ಲಿಸುವುದಿಲ್ಲ. ಹಣವನ್ನು ಬೇರೆ ಬೇರೆಯಾಗಿ ಇಡುವುದು, ಪಿನ್ ಕಾಯುವುದು, ತಿದ್ದುಪಡಿ ಹಾಕುವುದು, ಪ್ರತಿ ಇಟ್ಟುಕೊಳ್ಳುವುದು, ತಡಮಾಡದೆ ದೂರು ಕೊಡುವುದು - ಈ ಐದನ್ನು ರೂಢಿಸಿಕೊಂಡರೆ ಜಾಲದ ಅನುಕೂಲವನ್ನು ಪಡೆಯುತ್ತಲೇ ಹಂಗಾಮಿನ ಗಳಿಕೆಯನ್ನು ಉಳಿಸಿಕೊಳ್ಳಬಹುದು. ರೈತ ಬಾಂಧವರು ಈ ಕ್ರಮಗಳನ್ನು ಮನೆಯ ಹಿರಿಯರಿಗೂ ತಿಳಿಸಿ, 1930 ಸಂಖ್ಯೆಯನ್ನು ಮನೆಯ ಗೋಡೆಯ ಮೇಲೆ ಬರೆದಿಡುವುದು ಒಳ್ಳೆಯದು.